ಕಾಡಿಗೆ, ಹೊಳೆಗೆ ಒಯ್ಯಲು ಗಟ್ಟಿ ಚೂರಿ ಬೇಕು, 1,500 ರೂಪಾಯಿ ಒಳಗೆ ಯಾವುದು ತಗೊಳ್ಳಲಿ?

ಮುಳ್ಳೇರಿಯ ಮಳೆ:
ಎಲ್ಲರಿಗೂ ನಮಸ್ಕಾರ. ಚೂರಿ ವಿಷಯ ಗೊತ್ತಿರುವವರು ಸ್ವಲ್ಪ ದಾರಿ ಹೇಳಿ. ರಜೆ ಸಿಕ್ಕಿದರೆ ನಾವು ನಾಲ್ಕೈದು ಜನ ಗುಡ್ಡ ಹತ್ತುತ್ತೇವೆ, ಪಯಸ್ವಿನಿಯಲ್ಲಿ ಗಾಳ ಹಾಕುತ್ತೇವೆ, ರಾತ್ರಿ ಯಾರದ್ದಾದರೂ ತೋಟದಲ್ಲಿ ಟೆಂಟ್ ಹಾಕಿ ಉಳಿಯುತ್ತೇವೆ. ಮಡಚುವ ಚೂರಿ ಒಂದು ಇತ್ತು. ಸಂದಿಗೆ ಮರಳು ಹೋಗಿ ಲಾಕ್ ಸಡಿಲ ಆಗಿದೆ. ಸ್ವಲ್ಪ ಒತ್ತಿದರೆ ಬೆರಳ ಮೇಲೆಯೇ ಮಡಚಿಕೊಳ್ಳುತ್ತದೆ. ಇನ್ನು ಮಡಚದ ಚೂರಿಯೇ ಆಗಬೇಕು.

ಕೆಲಸ ದೊಡ್ಡದೇನಲ್ಲ. ಹಗ್ಗ ಕೊಯ್ಯುವುದು, ಮೀನು ಸರಿ ಮಾಡುವುದು, ಒಲೆಗೆ ಸಣ್ಣ ಸೌದೆ ಸೀಳುವುದು, ತರಕಾರಿ ಹೆಚ್ಚುವುದು. ಅಲಗು ನಾಲ್ಕು ಇಂಚು ಇದ್ದರೆ ಸಾಕು. ಆದರೆ ತುಕ್ಕು ಹಿಡಿಯಬಾರದು, ಮುರಿಯಬಾರದು. ಆನ್‌ಲೈನ್‌ನಲ್ಲಿ 300ರಿಂದ 15,000ದವರೆಗೂ ಉಂಟು, ಫೋಟೋದಲ್ಲಿ ಎಲ್ಲವೂ ಒಂದೇ ತರ ಕಾಣುತ್ತವೆ.

ಅಡಿಕೆ ಸಿಪ್ಪೆ:
ಮನೆಯಲ್ಲಿ ಕತ್ತಿ ಇಲ್ವಾ ಮಾರಾಯ್ರೆ?

ಮುಳ್ಳೇರಿಯ ಮಳೆ:
ಉಂಟು ಅಣ್ಣ. ಅದನ್ನು ಹಿಡಿದುಕೊಂಡು ಬಸ್ಸು ಹತ್ತುವುದು ಹೇಗೆ? ಮತ್ತೆ ಕತ್ತಿಯಲ್ಲಿ ಮೀನಿನ ಹೊಟ್ಟೆ ಸೀಳಲು ಹೋದರೆ ಸಾರಿಗೆ ಏನೂ ಉಳಿಯುವುದಿಲ್ಲ.

ದುಬಾಯಿಯ ಬಾಡೂರು:
ಕಣ್ಣು ಮುಚ್ಚಿ ಮೋರಾ ಕಂಪ್ಯಾನಿಯನ್ ತಗೊಳ್ಳಿ. ಸ್ವೀಡನ್ನಿನದ್ದು. ಅಲಗು ಹತ್ತು ಸೆಂಟಿಮೀಟರ್ ಚಿಲ್ಲರೆ, ರಬ್ಬರಿನ ಹಿಡಿ, ಪ್ಲಾಸ್ಟಿಕ್ ಒರೆ. ಚಂದ ಏನೂ ಇಲ್ಲ, ಪೇಂಟ್ ಅಂಗಡಿಯಲ್ಲಿ ನೇತು ಹಾಕಿದ ಸಾಮಾನಿನ ಹಾಗೆ ಕಾಣುತ್ತದೆ. ಆದರೆ ಪೆಟ್ಟಿಗೆಯಿಂದ ತೆಗೆದ ಕೂಡಲೇ ಕೈ ಮೇಲಿನ ಕೂದಲು ಬೋಳಿಸುವಷ್ಟು ಹರಿತ. ಇಲ್ಲಿ ನನ್ನ ರೂಮಿನಲ್ಲಿ ಎರಡು ಉಂಟು.

ಸುಮ್ನೆ ಓದುಗ:
ದುಬಾಯಿಯಲ್ಲಿ ಯಾವ ಕಾಡು ಅಣ್ಣ?

ದುಬಾಯಿಯ ಬಾಡೂರು:
ಶುಕ್ರವಾರದ ಬಿರಿಯಾನಿಗೆ ಈರುಳ್ಳಿ ಕೊಯ್ಯುವುದು ಅದರಲ್ಲೇ 😀

ಪೆರ್ಲದ ಮಾಸ್ಟ್ರು:
ಎಲ್ಲರೂ ಸ್ವೀಡನ್, ಸ್ವಿಟ್ಜರ್‌ಲೆಂಡ್ ಅಂತ ಓಡುವುದು ಯಾಕೆ? ನಮ್ಮಲ್ಲಿ ಕುಲುಮೆ ಇನ್ನೂ ಉರಿಯುತ್ತಿದೆ. ಬದಿಯಡ್ಕ ಕಡೆ, ವಿಟ್ಲ ಕಡೆ ಕತ್ತಿ ಬಡಿಯುವ ಆಚಾರಿಗಳು ಇದ್ದಾರೆ. ಗುಜರಿಯಲ್ಲಿ ಲಾರಿಯ ಸ್ಪ್ರಿಂಗ್ ಪ್ಲೇಟಿನ ತುಂಡು ತಗೊಂಡು ಹೋಗಿ ಕೊಡಿ. ರಟ್ಟಿನಲ್ಲಿ ಆಕಾರ ಕತ್ತರಿಸಿ ತೋರಿಸಿ. ಹಲಸಿನ ಮರದ ಹಿಡಿ ಹಾಕಿ ಕೊಡುತ್ತಾರೆ. ಆನ್‌ಲೈನಿನ ಅರ್ಧ ಬೆಲೆಗೂ ಬರುವುದಿಲ್ಲ. ನನ್ನ ಪೀಶಕತ್ತಿ (ಸಣ್ಣ ಚೂರಿ) ಹಾಗೆ ಮಾಡಿಸಿದ್ದು, ನನ್ನ ಮಗನ ಕಾಲಕ್ಕೂ ಬರುತ್ತದೆ.

ಕಬ್ಬಿಣದ ಕಡಲೆ:
ಮಾಸ್ಟ್ರು ಹೇಳಿದ್ದರಲ್ಲಿ ಮುಕ್ಕಾಲು ಸರಿ. ನಾನು ವರ್ಕ್‌ಶಾಪಿನವ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಓದಲು ಪುರುಸೊತ್ತು ಇಲ್ಲದವರು ಮುಂದೆ ಹೋಗಿ.

ಚೂರಿ ಮುರಿಯುವುದು ಹೆಚ್ಚಾಗಿ ಅಲಗಿನ ಮಧ್ಯದಲ್ಲಿ ಅಲ್ಲ, ಹಿಡಿಯ ಒಳಗೆ. ಅಲಗಿನ ಕಬ್ಬಿಣ ಹಿಡಿಯ ಒಳಗೆ ಎಷ್ಟು ದೂರ, ಎಷ್ಟು ಅಗಲವಾಗಿ ಹೋಗಿದೆ ಎಂಬುದನ್ನು ಮೊದಲು ನೋಡಬೇಕು. ಹಿಡಿಯ ಆಕಾರದಲ್ಲೇ ಕೊನೆಯವರೆಗೆ ಹೋಗಿದ್ದರೆ ಅದು ಫುಲ್ ಟ್ಯಾಂಗ್. ಎರಡು ಬದಿಗೆ ಮರ ಇಟ್ಟು ರಿವೆಟ್ ಹೊಡೆದಿರುತ್ತಾರೆ, ಅಂಚಿನಲ್ಲಿ ಕಬ್ಬಿಣ ಕಣ್ಣಿಗೆ ಕಾಣುತ್ತದೆ. 300-400 ರೂಪಾಯಿಯ "ಕಮಾಂಡೋ" ಚೂರಿಗಳಲ್ಲಿ ಒಳಗೆ ಬೆರಳಿಗಿಂತ ಸಣ್ಣ ಬೋಲ್ಟ್ ಒಂದನ್ನು ಬೆಸುಗೆ ಹಾಕಿ ಇಟ್ಟಿರುತ್ತಾರೆ. ಬೆನ್ನಲ್ಲಿ ಗರಗಸದ ಹಲ್ಲು, ಹಿಡಿಯೊಳಗೆ ದಿಕ್ಸೂಚಿ, ಗಾಳದ ದಾರ, ಬೆಂಕಿಕಡ್ಡಿ. ಹಿಡಿ ಟೊಳ್ಳಾದರೆ ಬಲ ಎಲ್ಲಿಂದ ಬರಬೇಕು? ಅದನ್ನು ಮುಟ್ಟಬೇಡಿ.

ಮೋರಾ ಕಂಪ್ಯಾನಿಯನ್ ಫುಲ್ ಟ್ಯಾಂಗ್ ಅಲ್ಲ. ಹಿಡಿಯ ಒಳಗೆ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ, ಕೊನೆ ಮುಟ್ಟುವುದಿಲ್ಲ. ಆದರೂ ನೀವು ಹೇಳಿದ ಕೆಲಸಕ್ಕೆ ಧಾರಾಳ ಸಾಕು. ಮಾಮೂಲಿ ಕಂಪ್ಯಾನಿಯನ್ 2.5 ಮಿ.ಮೀ. ದಪ್ಪ, ಹೆವಿ ಡ್ಯೂಟಿ ಅಂತ ಇನ್ನೊಂದು ಉಂಟು, ಅದು 3.2 ಮಿ.ಮೀ. ಸೌದೆ ಸೀಳುವುದಿದ್ದರೆ ಎರಡನೆಯದು. ಫುಲ್ ಟ್ಯಾಂಗೇ ಬೇಕು ಅಂತ ಹಟ ಇದ್ದರೆ ಅವರದ್ದೇ ಗಾರ್ಬರ್ಗ್ ಉಂಟು, ಅದು ನಿಮ್ಮ ಬಜೆಟ್ಟಿನ ಹತ್ತಿರವೂ ಇಲ್ಲ.

ಇನ್ನು ಸ್ಪ್ರಿಂಗ್ ಪ್ಲೇಟ್. ಉಕ್ಕು ಗಡುಸಾಗಲು ಬೇಕಾದ ಕಾರ್ಬನ್ ಅದರಲ್ಲಿ ನೂರಕ್ಕೆ 0.5-0.6ರಷ್ಟು ಇರುತ್ತದೆ, ಚೂರಿಗೆ ಒಳ್ಳೆಯದೇ. ಆದರೆ ವರ್ಷಗಟ್ಟಲೆ ಲಾರಿ ಹೊತ್ತ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಹದ ಕೊಡುವಾಗಲೋ (ಅಂದರೆ ಕಾಸಿ ಅದ್ದಿ ಗಡುಸು ಮಾಡುವಾಗ), ಆಮೇಲೆ ಒಂದು ದಿನ ಕೆಲಸದ ಮಧ್ಯದಲ್ಲೋ ಅದು ಹೊರಗೆ ಬರುತ್ತದೆ. ಸಾಧ್ಯ ಇದ್ದರೆ ಪ್ಲೇಟ್ ಕಟ್ಟುವ ಅಂಗಡಿಯಲ್ಲಿ ಹೊಸ ಪಟ್ಟಿಯ ತುಂಡು ಕೇಳಿ.

ಅಡಿಕೆ ಸಿಪ್ಪೆ:
ಕಾರ್ಬನ್ ಅಂದಾಗ ನೆನಪಾಯಿತು, ಅಡಿಕೆ ಕೊಯ್ಯುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ಯಾರಾದರೂ ತಗೊಂಡಿದ್ದೀರಾ? 60 ಅಡಿಯದ್ದು ಹಗುರ ಅಂತಾರೆ, ನಿಜವಾ?

ಹಾಳೆ ಟೊಪ್ಪಿ:
ಹಗುರ ಹೌದು. ಆದರೆ ಕರೆಂಟಿನ ಲೈನಿಗೆ ತಾಗಿದರೆ ಹೋಯಿತು, ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಲೈನ್ ಇದ್ದರೆ ಹತ್ತು ಸಲ ಯೋಚಿಸಿ. ಕೊಯ್ಲಿಗೂ ಮದ್ದು ಬಿಡಲಿಕ್ಕೂ ಆಗುತ್ತದೆ, ಬೆಲೆ ಮಾತ್ರ ಕೇಳಬೇಡಿ.

ಕಬ್ಬಿಣದ ಕಡಲೆ:
ದೋಟಿಗೆ ಬೇರೆ ಚರ್ಚೆ ತೆರೆಯಿರಿ ಮಾರಾಯ್ರೆ, ಇಲ್ಲಿ ಚೂರಿ ನಡೆಯುತ್ತಾ ಉಂಟು.

ಚಂದ್ರಗಿರಿ ದಡ:
ಮೀನಿನ ಕೆಲಸ ಅಂದದ್ದಕ್ಕೆ ಬಂದೆ. ಕಾರ್ಬನ್ ಉಕ್ಕಿನ ಚೂರಿ ಮಾತ್ರ ಬೇಡ. ನಮ್ಮ ಕಾಸರಗೋಡು ಕಡೆ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ, ಮೇಲಿಂದ ಕಡಲಿನ ಉಪ್ಪು ಗಾಳಿ. ಜೂನ್ ತಿಂಗಳಲ್ಲಿ ಸಂಜೆ ಒರೆಸದೆ ಇಟ್ಟರೆ ಬೆಳಗ್ಗೆ ಕೆಂಪು. ಸ್ಟೇನ್‌ಲೆಸ್ ತಗೊಳ್ಳಿ.

ಮತ್ತೆ ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯುವುದಿಲ್ಲ ಅಂತಲೂ ಅಲ್ಲ. ಉಪ್ಪು ನೀರಿನ ಮೀನು ಕೊಯ್ದು ತೊಳೆಯದೆ ಒರೆಗೆ ಹಾಕಿದರೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಕಪ್ಪು ಚುಕ್ಕಿ ಬರುತ್ತದೆ. ಉಜ್ಜಿದರೆ ಹೋಗುವುದಿಲ್ಲ. ಸಿಹಿ ನೀರಲ್ಲಿ ತೊಳೆದು, ಒಣಗಿಸಿ, ಆಮೇಲೆ ಒರೆಗೆ ಹಾಕಿ. ಒರೆಯನ್ನೂ ತೊಳೆಯಬೇಕು, ಅದನ್ನು ಯಾರೂ ಮಾಡುವುದಿಲ್ಲ.

ಬಾಯಾರಿನ ಅಕ್ಕ:
ಗಂಡಸರು ತುಕ್ಕಿಗೆ ಇಷ್ಟು ಹೆದರುವುದು ನೋಡಿ ನಗು ಬಂತು. ನಮ್ಮ ಮನೆಯ ಮೆಟ್ಟುಕತ್ತಿ ಸ್ಟೇನ್‌ಲೆಸ್ಸಾ? ನನ್ನ ಅತ್ತೆ ಮದುವೆಯಾಗಿ ಬಂದಾಗಿನಿಂದ ಅಡುಗೆ ಮನೆಯಲ್ಲಿ ಉಂಟು. ಕೆಲಸ ಆದ ಮೇಲೆ ಒರೆಸಿ ಒಲೆಯ ಹತ್ತಿರ ಒರಗಿಸಿ ಇಡುವುದು, ಮಳೆಗಾಲದಲ್ಲಿ ಎರಡು ಹನಿ ತೆಂಗಿನೆಣ್ಣೆ ಸವರುವುದು. ಅಷ್ಟೇ.

ಮಾವಿನಕಾಯಿ, ಪುನರ್ಪುಳಿ, ಬಾಳೆಕಾಯಿ ಕೊಯ್ದರೆ ಅಲಗು ಕಪ್ಪಾಗುತ್ತದೆ. ಅದು ತುಕ್ಕಲ್ಲ. ಆ ಕಪ್ಪು ಒಮ್ಮೆ ಸರಿಯಾಗಿ ಹಿಡಿದರೆ ಕೆಂಪು ತುಕ್ಕು ಬರುವುದು ಕಡಿಮೆ. ಆದರೆ ಹೊಸ ಕಬ್ಬಿಣದ ಚೂರಿಯಲ್ಲಿ ಮಾವಿನಕಾಯಿ ಹೆಚ್ಚಿದರೆ ಹೋಳಿಗೂ ಕಪ್ಪು ಬರುತ್ತದೆ, ಬಾಯಿಗೆ ಕಬ್ಬಿಣದ ರುಚಿ. ಅದು ಬೇಡ ಅನಿಸಿದರೆ ಸ್ಟೀಲೇ ತಗೊಳ್ಳಿ.

ಚಂದ್ರಗಿರಿ ದಡ:
ಅಕ್ಕ, ಒಲೆಯ ಹತ್ತಿರ ಒಣಗಿಸುವ ಮೆಟ್ಟುಕತ್ತಿ ಬೇರೆ, ಮೂರು ದಿನ ಒದ್ದೆ ಬ್ಯಾಗಿನಲ್ಲಿ ಬಿದ್ದಿರುವ ಚೂರಿ ಬೇರೆ. ಕಾಡಿನಲ್ಲಿ ಒಲೆ ಎಲ್ಲಿಂದ ತರುವುದು?

ಬಾಯಾರಿನ ಅಕ್ಕ:
ಎಣ್ಣೆ ಬಾಟಲಿ ತಗೊಂಡು ಹೋಗಲು ಆಗುವುದಿಲ್ವಾ? ಮೀನು ಹುರಿಯಲು ಹೇಗೂ ಬೇಕಲ್ಲ.

ಸುಮ್ನೆ ಓದುಗ:
ಅಕ್ಕ ಗೆದ್ದರು.

ವಿಟ್ಲ ಬಸ್ಸು:
ಪವರ್ ಹ್ಯಾಕ್ಸಾ (ಕಬ್ಬಿಣ ಕೊಯ್ಯುವ ಮೆಷಿನ್ ಗರಗಸ) ಬ್ಲೇಡಿನ ಚೂರಿ ಯಾಕೆ ಯಾರೂ ಹೇಳಲಿಲ್ಲ? ಫ್ಯಾಕ್ಟರಿಯಲ್ಲಿ ಸವೆದ ದೊಡ್ಡ ಬ್ಲೇಡ್ ಗುಜರಿಯಲ್ಲಿ ಸಿಗುತ್ತದೆ. ಗ್ರೈಂಡರಿನಲ್ಲಿ ಆಕಾರ ಕೊಟ್ಟು ಎರಡು ಮರದ ತುಂಡು ಕಟ್ಟಿದರೆ ಆಯಿತು, ಹದ ಕೊಡುವ ತಾಪತ್ರಯ ಇಲ್ಲ. ಹರಿತ ಹೋಗುವುದೇ ಇಲ್ಲ.

ಕಬ್ಬಿಣದ ಕಡಲೆ:
ಹರಿತ ಉಳಿಯುತ್ತದೆ, ಒಪ್ಪಿದೆ. ಪೂರ್ತಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್, ಬಿಸಿ ತಡೆಯುವ ಉಕ್ಕು) ಬ್ಲೇಡ್ ಆದರೆ ಗ್ರೈಂಡರಿನ ಬಿಸಿಗೆ ಹದವೂ ಹೋಗುವುದಿಲ್ಲ. ಆದರೆ ಅದು ಗಡುಸು ಜಾಸ್ತಿ, ಬಾಗುವುದಿಲ್ಲ, ಕಲ್ಲಿನ ಮೇಲೆ ಬಿದ್ದರೆ ಮೊನೆ ಚಟ್ ಅಂತ ಹಾರುತ್ತದೆ. ಸಾಮಾನ್ಯ ಡ್ರಿಲ್ ಬಿಟ್ಟಿನಲ್ಲಿ ರಿವೆಟ್ಟಿಗೆ ತೂತು ಹಾಕಲೂ ಆಗುವುದಿಲ್ಲ. ಕೆಲವು ಬ್ಲೇಡುಗಳಲ್ಲಿ ಹಲ್ಲಿನ ಅಂಚು ಮಾತ್ರ ಎಚ್‌ಎಸ್‌ಎಸ್, ಉಳಿದದ್ದು ಮೆತ್ತಗಿನ ಉಕ್ಕು. ನೀವು ಹಲ್ಲು ಉಜ್ಜಿ ತೆಗೆದರೆ ಒಳ್ಳೆಯ ಭಾಗವೇ ಹೋಯಿತು. ಮನೆಯಲ್ಲಿ ಮೀನು ಕೊಯ್ಯಲು ಪರವಾಗಿಲ್ಲ. ಸೌದೆ ಸೀಳಲು ಬೇಡವೇ ಬೇಡ.

ಪೆರ್ಲದ ಮಾಸ್ಟ್ರು:
ಕಡಲೆಯವರೇ, ಆಚಾರಿ ಹದ ಸರಿ ಕೊಟ್ಟಿದ್ದಾರೋ ಇಲ್ಲವೋ ನಮ್ಮಂಥವರಿಗೆ ಗೊತ್ತಾಗುವುದು ಹೇಗೆ?

ಕಬ್ಬಿಣದ ಕಡಲೆ:
ಒಳ್ಳೆಯ ಪ್ರಶ್ನೆ ಮಾಸ್ಟ್ರೆ. ಒಂದು ಹೊಸ ಅರ (ಕಬ್ಬಿಣ ಉಜ್ಜುವ ಫೈಲ್) ತಗೊಂಡು ಹೋಗಿ. ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿ ತೆಗೆದ ಕೂಡಲೇ ಅಲಗಿನ ಅಂಚಿಗೆ ಅರ ಉಜ್ಜಿ ನೋಡಿ. ಗಾಜಿನ ಮೇಲೆ ಉಜ್ಜಿದ ಹಾಗೆ ಜಾರಿದರೆ ಗಡುಸಾಗಿದೆ. ಕಚ್ಚಿ ಪುಡಿ ಬಿದ್ದರೆ ಇನ್ನೂ ಮೆತ್ತಗೆ ಉಂಟು. ಎಷ್ಟು ಕಾಸಬೇಕು ಅಂತ ತಿಳಿಯಲು ಅಯಸ್ಕಾಂತ ಹಿಡಿಯುತ್ತಾರೆ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ, ಅದಕ್ಕಿಂತ ಸ್ವಲ್ಪ ಮೇಲೆ ಹೋಗಿ ಅದ್ದಬೇಕು. ಹಳೆಯ ಆಚಾರಿಗಳಿಗೆ ಅಯಸ್ಕಾಂತ ಬೇಡ, ಕೆಂಡದ ಬಣ್ಣ ನೋಡಿದರೆ ಸಾಕು. ಕುಲುಮೆಯನ್ನು ಕತ್ತಲೆ ಮೂಲೆಯಲ್ಲಿ ಇಡುವುದು ಅದಕ್ಕೇ.

ಅಷ್ಟಕ್ಕೆ ಬಿಟ್ಟರೆ ಚೂರಿ ಗಾಜಿನ ಹಾಗೆ ಒಡೆಯುತ್ತದೆ. ಮತ್ತೆ ಒಮ್ಮೆ ಸಣ್ಣಗೆ ಕಾಸಬೇಕು. 200 ಡಿಗ್ರಿ ಆಸುಪಾಸು, ಒಂದೆರಡು ಗಂಟೆ. ಉಜ್ಜಿ ಬಿಳಿ ಮಾಡಿದ ಅಲಗು ಒಣಹುಲ್ಲಿನ ಬಣ್ಣಕ್ಕೆ ಬಂದರೆ ಚೂರಿಗೆ ಸರಿ. ನೀಲಿಗೆ ಹೋದರೆ ಜಾಸ್ತಿ ಆಯಿತು, ಅದು ಸ್ಪ್ರಿಂಗಿಗೆ ಒಳ್ಳೆಯದು, ಚೂರಿಯಲ್ಲಿ ಹರಿತ ನಿಲ್ಲುವುದಿಲ್ಲ. ಈ ಎರಡನೇ ಕಾಸುವಿಕೆ ಅವಸರದಲ್ಲಿ ತಪ್ಪಿ ಹೋಗುವುದುಂಟು. ಮನೆಯಲ್ಲಿ ಕೇಕ್ ಮಾಡುವ ಓವನ್ ಇದ್ದರೆ ನೀವೇ ಮಾಡಬಹುದು. ಹಿಡಿ ಹಾಕುವ ಮೊದಲು!

ಇನ್ನೊಂದು ಮಾತು. ಕಟ್ಟಡದ ಸರಳಿನ ತುಂಡು ತಗೊಂಡು ಹೋಗಿ ಚೂರಿ ಮಾಡಿ ಅಂತ ಕೇಳುವವರಿದ್ದಾರೆ. ಅದರಲ್ಲಿ ಕಾರ್ಬನ್ ತೀರಾ ಕಡಿಮೆ. ಯಾವ ಎಣ್ಣೆಯಲ್ಲಿ ಅದ್ದಿದರೂ ಅದು ಚೂರಿ ಆಗುವುದಿಲ್ಲ.

ದುಬಾಯಿಯ ಬಾಡೂರು:
ಇಷ್ಟೆಲ್ಲಾ ಓದಿದ ಮೇಲೆ ನನಗೆ ಇನ್ನೂ ಗಟ್ಟಿಯಾಯಿತು. ಮೋರಾ ತಗೊಂಡರೆ ಅರ ಬೇಡ, ಓವನ್ ಬೇಡ, ಅಯಸ್ಕಾಂತ ಬೇಡ. ಅವರು 1891ರಿಂದ ಇದನ್ನೇ ಮಾಡುತ್ತಿದ್ದಾರೆ. ಸ್ಟೇನ್‌ಲೆಸ್ ಮಾದರಿಯ ಉಕ್ಕು 12ಸಿ27 ಅಂತ, ತುಕ್ಕು ತಡೆಯುವ ಕ್ರೋಮಿಯಂ ನೂರಕ್ಕೆ 13.5, ಕಾರ್ಬನ್ 0.6. ಚಂದ್ರಗಿರಿಯವರ ತುಕ್ಕಿಗೂ ಉತ್ತರ ಆಯಿತು.

ವಿಟ್ಲ ಬಸ್ಸು:
ಬೆಲೆಗೆ ಉತ್ತರ ಆಗಲಿಲ್ಲ. ನಾನು ನೋಡುವಾಗ ಎರಡು ಸಾವಿರದ ಮೇಲೆ ಇತ್ತು. ಕೇಳಿದವರು 1,500 ಅಂದಿದ್ದಾರೆ.

ದುಬಾಯಿಯ ಬಾಡೂರು:
ಊರಿಗೆ ಬರುವಾಗ ಒಂದು ತರುತ್ತೇನೆ, ಇಲ್ಲಿ ಕಡಿಮೆಗೆ ಸಿಗುತ್ತದೆ. ಚೆಕ್-ಇನ್ ಬ್ಯಾಗಿನಲ್ಲಿ ಹಾಕಬೇಕು, ಕೈ ಚೀಲದಲ್ಲಿ ಇಟ್ಟರೆ ಸೆಕ್ಯೂರಿಟಿಯವರೇ ಇಟ್ಟುಕೊಳ್ಳುತ್ತಾರೆ.

ಬೇಕಲದ ಗಾಳಿ:
ಚೂರಿ ಯಾವುದೂ ಆಗಲಿ, ಕಾನೂನು ಒಮ್ಮೆ ನೋಡಿಕೊಳ್ಳಿ. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಮನೆ ಬಳಕೆ, ಕೃಷಿ ಕೆಲಸಕ್ಕೆ ಅಂತಲೇ ಮಾಡಿದ್ದಕ್ಕೆ ವಿನಾಯಿತಿ ಉಂಟು. ನಾಲ್ಕು ಇಂಚಿನ ಚೂರಿಗೆ ಆ ಲೆಕ್ಕದಲ್ಲಿ ತೊಂದರೆ ಇಲ್ಲ. ಹಾಗಂತ ಸೊಂಟಕ್ಕೆ ಸಿಕ್ಕಿಸಿಕೊಂಡು ತಲಪಾಡಿ ಗಡಿ ದಾಟಬೇಡಿ. ಒರೆಗೆ ಹಾಕಿ, ಬಟ್ಟೆ ಸುತ್ತಿ, ಬ್ಯಾಗಿನ ಅಡಿಯಲ್ಲಿ ಇರಲಿ.

ಮುಖ್ಯ ವಿಷಯ ಇನ್ನೊಂದು. 1972ರ ವನ್ಯಜೀವಿ ಕಾಯ್ದೆಯಲ್ಲಿ ಆಯುಧ ಅಂದರೆ ಏನೇನು ಅಂತ ಹೇಳುವಾಗ ಚೂರಿಯ ಹೆಸರೂ ಬರುತ್ತದೆ. ಅಭಯಾರಣ್ಯದೊಳಗೆ ಆಯುಧ ಒಯ್ಯಲು ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅನುಮತಿ ಬೇಕು, 31ನೇ ಕಲಂ. ಅಂದರೆ ಕುಮಾರ ಪರ್ವತಕ್ಕೆ ಹೋಗುವಾಗ ಚೂರಿ ಮನೆಯಲ್ಲಿ ಇರಲಿ, ಅದು ಪುಷ್ಪಗಿರಿ ಅಭಯಾರಣ್ಯ. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೂ ಅದೇ ಮಾತು. ರಾಣಿಪುರದಲ್ಲೂ ಅರಣ್ಯ ಇಲಾಖೆಯ ಟಿಕೆಟ್ ತೆಗೆದೇ ಹತ್ತುವುದು, ಮೊದಲೇ ಕೇಳಿಕೊಳ್ಳಿ. ಸ್ವಂತ ತೋಟ, ಹೊಳೆ ಬದಿ ಆದರೆ ಯಾರೂ ಏನೂ ಹೇಳುವುದಿಲ್ಲ.

ಅಡಿಕೆ ಸಿಪ್ಪೆ:
ರಾಣಿಪುರಕ್ಕೆ ಮಳೆಗಾಲದಲ್ಲಿ ಚೂರಿಗಿಂತ ಉಪ್ಪು, ಹೊಗೆಸೊಪ್ಪು ಮುಖ್ಯ. ಉಂಬುಳ (ಜಿಗಣೆ) ಕಾಲಿಗೆ ಹತ್ತುವ ಸ್ಪೀಡ್ ನೋಡಿದ್ದೀರಾ?

ಹಾಳೆ ಟೊಪ್ಪಿ:
ಸಾಕ್ಸಿನ ಮೇಲೆ ಸುಣ್ಣ, ಹೊಗೆಸೊಪ್ಪಿನ ನೀರು ಸವರಿ ಹೋಗಿ. ಹತ್ತಿರ ಬರುವುದಿಲ್ಲ.

ಮುಳ್ಳೇರಿಯ ಮಳೆ:
ಕಾನೂನು ವಿಷಯ ಗೊತ್ತೇ ಇರಲಿಲ್ಲ, ಉಪಕಾರ ಬೇಕಲದವರೇ. ಇನ್ನೊಂದು ಪ್ರಶ್ನೆ. ಯೂಟ್ಯೂಬಿನಲ್ಲಿ ಚೂರಿಯನ್ನು ಸೌದೆಯ ತಲೆಗೆ ಇಟ್ಟು, ಬೆನ್ನಿಗೆ ಇನ್ನೊಂದು ಕೋಲಲ್ಲಿ ಬಡಿದು ಸೀಳುತ್ತಾರಲ್ಲ, 2.5 ಮಿ.ಮೀ. ಅದನ್ನು ತಡೆಯುತ್ತದಾ?

ಅಡಿಕೆ ಸಿಪ್ಪೆ:
ಅದೆಂತ ಕೆಲಸ? ನಮ್ಮ ತೋಟದಲ್ಲಿ ಬೆಂಕಿ ಹಾಕಲು ಸೌದೆ ಯಾಕೆ ಸೀಳಬೇಕು? ಒಣಗಿದ ಸೋಗೆ, ಗೆರಟೆ, ಅಡಿಕೆ ಸಿಪ್ಪೆ ಬಿದ್ದಿರುತ್ತದೆ. ಗೆರಟೆಯ ಕೆಂಡದಲ್ಲಿ ಮೀನು ಸುಟ್ಟರೆ ಅದರ ರುಚಿಯೇ ಬೇರೆ. ಸ್ವೀಡನ್ನಿನವರಿಗೆ ತೆಂಗಿನ ಮರ ಇಲ್ಲ, ಪಾಪ, ಸೀಳುತ್ತಾರೆ.

ಕಬ್ಬಿಣದ ಕಡಲೆ:
😀 ಒಪ್ಪಿದೆ. ಆದರೆ ಮಳೆಗಾಲದಲ್ಲಿ ಹೊರಗಿನದ್ದೆಲ್ಲ ಒದ್ದೆ, ಒಣಗಿದ ತಿರುಳು ಬೇಕಾದರೆ ಸೀಳಲೇಬೇಕು. ಹೆಬ್ಬೆರಳಿನಿಂದ ಮಣಿಗಂಟಿನಷ್ಟು ದಪ್ಪದ, ಗಂಟಿಲ್ಲದ ಕೋಲಾದರೆ 2.5ರಲ್ಲೂ ಆಗುತ್ತದೆ. ಬಡಿಯುವುದು ಮರದ ತುಂಡಿನಲ್ಲಿ ಮಾತ್ರ, ಕಲ್ಲು ಸುತ್ತಿಗೆ ಬೇಡ. ಗಂಟು ಸಿಕ್ಕಿದರೆ ಅಲ್ಲಿಗೇ ಬಿಡಿ. ಅದನ್ನು ತಿರುಚಿ ತೆಗೆಯಲು ಹೋದಾಗಲೇ ಚೂರಿ ಮುರಿಯುವುದು. ದೊಡ್ಡ ಸೌದೆಗೆ ಕತ್ತಿಯೇ ಸರಿ, ಜೊತೆಯಲ್ಲಿ ಒಬ್ಬರು ಕತ್ತಿ ತಂದರೆ ಸಾಕಲ್ಲ.

ಪೆರ್ಲದ ಮಾಸ್ಟ್ರು:
ಮಸೆಯುವುದರ ಬಗ್ಗೆ ಯಾರೂ ಮಾತಾಡಲಿಲ್ಲ. ಎಷ್ಟು ಸಾವಿರದ ಚೂರಿಯಾದರೂ ಮೊಂಡಾಗಿಯೇ ಆಗುತ್ತದೆ. ನಮ್ಮಲ್ಲಿ ಕತ್ತಿ ಮಸೆಯುವ ಮರ ಇರುತ್ತಿತ್ತು. ಬೆಣಚುಕಲ್ಲನ್ನು ಕುಟ್ಟಿ ನಯವಾದ ಪುಡಿ ಮಾಡಿ ಮರದ ಮೇಲೆ ಹಾಕಿ, ಅಲಗನ್ನು ಅದರ ಮೇಲೆ ಉದ್ದಕ್ಕೆ ಎಳೆಯುವುದು. ಬೆಳಗ್ಗೆ ಕೆಲಸಕ್ಕೆ ಬಂದವರು ಮೊದಲು ಮಾಡುತ್ತಿದ್ದದ್ದೇ ಅದು. ಆ ಸದ್ದಿಗೆ ನಮಗೆ ಎಚ್ಚರ ಆಗುತ್ತಿತ್ತು.

ದುಬಾಯಿಯ ಬಾಡೂರು:
ಮೋರಾಕ್ಕೆ ಆ ಮರ ಬೇಡ ಮಾಸ್ಟ್ರೆ. ಅದರ ಅಂಚು ಅಗಲವಾಗಿ ಚಪ್ಪಟೆ ಇದೆ. ಆ ಚಪ್ಪಟೆಯನ್ನೇ ಕಲ್ಲಿನ ಮೇಲೆ ಒರಗಿಸಿ ಉಜ್ಜಿದರೆ ಕೋನ ತಾನಾಗಿ ಸರಿ ಬರುತ್ತದೆ. ಕಲಿಯುವವರಿಗೆ ಸುಲಭ. ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಸಾಕು. ಒರಟು ಬದಿ ಮೊದಲು, ನಯ ಬದಿ ಆಮೇಲೆ, ಕೊನೆಗೆ ಹಳೆ ಬೆಲ್ಟಿನ ಒಳ ಬದಿಗೆ ನಾಲ್ಕು ಸಲ ಎಳೆಯಿರಿ.

ವಿಟ್ಲ ಬಸ್ಸು:
ಬೀದಿಯಲ್ಲಿ ಸಾಣೆ ಹಿಡಿಯುವವರಿಗೆ ಕೊಟ್ಟರೆ ಆಗುವುದಿಲ್ವಾ?

ಕಬ್ಬಿಣದ ಕಡಲೆ:
ಚಕ್ರ ಜೋರಾಗಿ ತಿರುಗುವಾಗ ಕಿಡಿ ಹಾರಿ ಅಂಚು ನೀಲಿ ಆದರೆ ಹದ ಹೋಯಿತು. ನೀರು ಹಾಕುತ್ತಾ ನಿಧಾನ ಹಿಡಿಯುವವರಾದರೆ ಕೊಡಿ, ಇಲ್ಲದಿದ್ದರೆ ಕಲ್ಲೇ ಸಾಕು.

ಮುಳ್ಳೇರಿಯ ಮಳೆ:
ಸರಿ, ಹೀಗೆ ಮಾಡುತ್ತೇನೆ. ಬಾಡೂರಿನ ಅಣ್ಣ ಬರುವಾಗ ಸ್ಟೇನ್‌ಲೆಸ್ ಹೆವಿ ಡ್ಯೂಟಿ ಒಂದು ತರಲಿ, 1,500ಕ್ಕೆ ಬರದಿದ್ದರೆ ಮೇಲಿನದ್ದು ಕೊಡುತ್ತೇನೆ. ಅಲ್ಲಿಯವರೆಗೆ ಹೊಸ ಪ್ಲೇಟಿನ ತುಂಡು ಹುಡುಕಿ ಆಚಾರಿಯ ಹತ್ತಿರ ಒಂದು ಪೀಶಕತ್ತಿ ಮಾಡಿಸುತ್ತೇನೆ. ಅದಕ್ಕೆ ಒರೆ ಎಂತ ಮಾಡುವುದು? ಚರ್ಮದ್ದು ಹೊಲಿಸಲಾ?

ಚಂದ್ರಗಿರಿ ದಡ:
ಚರ್ಮ ಬೇಡ. ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಒದ್ದೆಯಾದರೆ ಒಣಗುವುದೇ ಇಲ್ಲ.

ಹಾಳೆ ಟೊಪ್ಪಿ:
ಅಡಿಕೆ ಹಾಳೆಯನ್ನು ನೆನೆಸಿ ಮಡಚಿ ಹೊಲಿದರೆ ಒಂದು ಸೀಸನ್ ಬರುತ್ತದೆ. ಖರ್ಚಿಲ್ಲ.

ಕಬ್ಬಿಣದ ಕಡಲೆ:
ಪಿವಿಸಿ ಪೈಪ್ ತಗೊಳ್ಳಿ. ಅಲಗಿನ ಅಗಲಕ್ಕಿಂತ ಸ್ವಲ್ಪ ದೊಡ್ಡದು, ಚೂರಿಯ ಉದ್ದಕ್ಕೆ ಕತ್ತರಿಸಿ. ಹೀಟ್ ಗನ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕುದಿಯುವ ನೀರಲ್ಲಿ ಮೆತ್ತಗೆ ಮಾಡಿ. ಬೆಂಕಿಗೆ ನೇರ ಹಿಡಿಯಬೇಡಿ, ಸುಟ್ಟರೆ ಅದರ ಹೊಗೆ ವಿಷ. ಮೆತ್ತಗಾದ ಮೇಲೆ ಚೂರಿಗೆ ಎರಡು ಸುತ್ತು ಕಾಗದ ಸುತ್ತಿ ಒಳಗೆ ಇಟ್ಟು, ಎರಡು ಹಲಗೆಯ ಮಧ್ಯೆ ಒತ್ತಿ ಹಿಡಿಯಿರಿ. ತಣಿದ ಮೇಲೆ ಆ ಆಕಾರದಲ್ಲೇ ನಿಲ್ಲುತ್ತದೆ. ಕೈಗೆ ದಪ್ಪ ಗ್ಲೌಸ್ ಇರಲಿ.

ಮುಳ್ಳೇರಿಯ ಮಳೆ:
ಕೆಳಗಿನ ಬಾಯಿ ಪೂರ್ತಿ ಮುಚ್ಚಬೇಕಾ?

ಕಬ್ಬಿಣದ ಕಡಲೆ:
ಮೊನೆ ಹೊರಗೆ ಬರದಷ್ಟು ಒತ್ತಿ, ಒಂದು ಸಣ್ಣ ತೂತು ಬಿಡಿ. ನೀರು ಇಳಿದು ಹೋಗಬೇಕಲ್ಲ.